ಬಾಬು ತುಂಬಿದ ಡಬ್ಬಿ

ಬಬಲೇಶ್ವರ
೯ ಫೆಬ್ರುವರಿ ೨೦೨೫

ದೇವಣ್ಣನಿಗೆ ಆರತಿಯ ನಮಸ್ಕಾರ.

ನಾವೆಲ್ಲ ಕ್ಷೇಮ ಎಂದು ಬರೆಯಲು ಪೆನ್ನು ಏಳುತ್ತಿಲ್ಲ, ಅದಕ್ಕೆ ಆ ಸಾಲು ಬಿಟ್ಟಿದ್ದೇನೆ. ನಮ್ಮ ಲಿಂಗಣ್ಣನನ್ನು ಮಣ್ಣು ಮಾಡಿ ಇವತ್ತಿಗೆ ಹದಿನೆಂಟು ದಿನ. ನೀನು ಜೈಲಿಗೆ ಹೋಗಿಯೂ ಅಷ್ಟೇ ದಿನ. ಹೊಲದಲ್ಲಿ ಅವನ ಮೇಲೆ ಒಂದು ಹಿಡಿ ಮಣ್ಣು ಹಾಕಿ ಯಾರಿಗೂ ಹೇಳದೆ ಎದ್ದು ಹೋದೆ. ಸಂಜೆಯ ಹೊತ್ತಿಗೆ ಸುದ್ದಿ ಬಂತು. ಸೊಲ್ಲಾಪುರ ರಸ್ತೆಯ ಒಲೆ ರಿಪೇರಿ ಬಾಬುವಿನ ಅಂಗಡಿಗೆ ನುಗ್ಗಿ ಅವನದೇ ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡು ಅವನ ಎರಡೂ ಕೈ ಮುರಿದಿದ್ದೀಯಂತೆ. ದವಡೆಯೂ ಹೋಗಿದೆಯಂತೆ.

ನಿಜ ಹೇಳಲೇ? ನನಗೆ ಖುಷಿಯಾಯಿತು. ಬಿ.ಎಡ್. ಓದುವ ಹುಡುಗಿ ಹೀಗೆ ಬರೆಯಬಾರದು, ಗೊತ್ತು. ಆದರೆ ಆಸ್ಪತ್ರೆಯಲ್ಲಿ ಲಿಂಗಣ್ಣನ ಮುಖದ ಬಟ್ಟೆ ತೆಗೆದಾಗ ನೋಡಿದವಳು ನಾನು. ಅವನ ತುಟಿ ಇರಲಿಲ್ಲ. ಮೂರು ದಿನ ಏನೋ ಹೇಳಲು ಒದ್ದಾಡಿ ಹೇಳದೆ ಹೋದ. ಆ ಗ್ಯಾಸಿನ ಡಬ್ಬಿ ತುಂಬಿದವನ ಕೈ ನೆಟ್ಟಗೆ ಉಳಿದಿದ್ದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಅವ್ವನಂತೂ ದಿನಕ್ಕೆ ಹತ್ತು ಸಲ ನಿನ್ನ ಹೆಸರು ಎತ್ತುತ್ತಾಳೆ. ನೀನು ಮೊದಲ ಸಲ ನಮ್ಮ ಮನೆಗೆ ಬಂದಾಗ ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ಬೇರೆ ಲೋಟದಲ್ಲಿ ಚಹಾ ಕೊಟ್ಟವಳು ಇದೇ ನಮ್ಮವ್ವ ಹುಚ್ಚವ್ವ. ಈಗ ಬಂದವರ ಮುಂದೆಲ್ಲ ಹೇಳುತ್ತಾಳೆ: "ನನ್ನ ಹೊಟ್ಟ್ಯಾಗ ಹುಟ್ಟಿದಾಂವ ಹೋದ. ಅವನ ಸಲುವಾಗಿ ಕೈ ಎತ್ತಿದಾಂವ ದೇವಾನಂದ ಒಬ್ಬನ. ಇನ್ನ ಅವನ ನನ್ನ ಮಗ."

ಒಂದು ಕೇಳಬೇಕು. ಒಂದು ಅಂಗೈಯಗಲದ ಡಬ್ಬಿ ಆರಡಿ ಮನುಷ್ಯನನ್ನು ಹೇಗೆ ತಿಂದಿತು? ನೀವು ಅದನ್ನು ಯಾಕೆ ಒಯ್ದಿರಿ, ಕಟ್ಟಿಗೆ ಇರಲಿಲ್ಲವೇ? ನನಗೆ ಎಲ್ಲ ತಿಳಿಯಬೇಕು. ಫೋನಿನಲ್ಲಿ ಬೇಡ. ಅಲ್ಲಿ ಐದೇ ನಿಮಿಷ, ಅದರಲ್ಲಿ ನಾಲ್ಕು ಅವ್ವನ ಅಳುವಿಗೆ ಹೋಗುತ್ತದೆ. ಬರೆ.

ನಿನ್ನ ತಂಗಿ
ಆರತಿ

*

ಜೈಲು, ವಿಜಯಪುರ
೨೦ ಫೆಬ್ರುವರಿ ೨೦೨೫

ಪ್ರೀತಿಯ ಆರತಿಗೆ,

ಜೈಭೀಮ್. ಇಲ್ಲಿ ಪತ್ರ ಒಡೆದು ಓದಿಯೇ ಕೊಡುತ್ತಾರೆ, ಹಾಗಾಗಿ ನಿನ್ನ ಸಿಟ್ಟು ನನಗಿಂತ ಮೊದಲು ಒಬ್ಬ ಗುಮಾಸ್ತರಿಗೆ ತಾಗಿದೆ. "ಏನಪಾ ನಿನ್ನ ತಂಗಿ, ಮೆಣಸಿನಕಾಯಿ ಅದಾಳ," ಎಂದರು.

ಕೇಳಿದ್ದೀಯ, ಹೇಳುತ್ತೇನೆ. ಶಾಲೆಯಲ್ಲಿ ನಾನು ಪಿ.ಟಿ. ಮಾಸ್ತರ, ಭಾನುವಾರ ಜನರನ್ನು ಬೆನ್ನಿಗೆ ಚೀಲ ಹಾಕಿಸಿ ನಡೆಸುವವನು. ಲಿಂಗ ನನ್ನ ಜೋಡಿ. ಈ ಸಲ ದಾರಿ ನೋಡಿ ಬರಲು ನಾವಿಬ್ಬರೇ ಹೊರಟಿದ್ದೆವು. ಬಬಲೇಶ್ವರದಿಂದ ಟಿಕೋಟಾ, ಅಲ್ಲಿಂದ ಕನಮಡಿ, ಮುಂದೆ ಮಹಾರಾಷ್ಟ್ರದ ಗಡಿ ದಾಟಿ ಐದು ದಿನದ ನಡಿಗೆ.

ನಡೆಯುವವನಿಗೆ ಉರುವಲಿನದೇ ದೊಡ್ಡ ಚಿಂತೆ. ಕಟ್ಟಿಗೆ ಅಂದೆಯಲ್ಲ, ಜನವರಿಯಲ್ಲಿ ಬಿಳಿಜೋಳ ತೆನೆಗಟ್ಟಿ ನಿಂತಿರುತ್ತದೆ, ಬದುವಿನ ಹುಲ್ಲು ಒಣಗಿರುತ್ತದೆ. ಒಂದು ಕಿಡಿ ಹಾರಿದರೆ ಊರಿಗೆ ಊರೇ ನಮ್ಮ ಬೆನ್ನು ಮುರಿಯುತ್ತದೆ. ಸೀಮೆಎಣ್ಣೆ ಈಗ ರೇಷನ್ ಅಂಗಡಿಯಲ್ಲಿ ಇಲ್ಲ. ಸಿಕ್ಕರೂ ಅದರ ವಾಸನೆ ಹತ್ತಿದ ಹಿಟ್ಟನ್ನು ನಾಯಿಯೂ ಮೂಸುವುದಿಲ್ಲ. ಸ್ಪಿರಿಟ್ ಒಲೆ ಹಗುರ, ಆದರೆ ಬಿಸಿಲಿನಲ್ಲಿ ಅದರ ಉರಿ ಕಣ್ಣಿಗೆ ಕಾಣುವುದಿಲ್ಲ. ಆರಿದೆ ಎಂದುಕೊಂಡು ಲಿಂಗ ಒಮ್ಮೆ ಮೇಲೆ ಸುರಿಯಲು ಹೋಗಿ ಹುಬ್ಬು ಸುಟ್ಟುಕೊಂಡಿದ್ದ. ನಿನಗೆ ಕ್ಷೌರಿಕ ಕೆಡಿಸಿದ ಎಂದು ಸುಳ್ಳು ಹೇಳಿದ್ದ, ನೆನಪಿದೆಯೇ? ಕೊನೆಗೆ ಉಳಿದದ್ದು ಗ್ಯಾಸಿನ ಡಬ್ಬಿ. ಅದರ ತಲೆಯ ಮೇಲೆ ಮುಷ್ಟಿಯಷ್ಟು ಬರ್ನರ್ ತಿರುಗಿಸಿ ಕೂರಿಸಿದರೆ ಒಲೆ ಆಯಿತು. ಇಬ್ಬರಿಗೆ ಎರಡು ಹೊತ್ತಿನ ಅಡುಗೆ, ಮೂರು ಸಲ ಚಹಾ, ದಿನಕ್ಕೆ ಅರವತ್ತು ಗ್ರಾಂ ಸಾಕು. ಐದು ದಿನಕ್ಕೆ ಎರಡು ಡಬ್ಬಿ.

ಖಾಲಿ ಡಬ್ಬಿ ಎಸೆಯಬೇಕು, ಅದು ಕಾಯಿದೆ. ನಾವು ಬಾಬುವಿನ ಹತ್ತಿರ ಮನೆಯ ಸಿಲಿಂಡರಿನಿಂದ ಮತ್ತೆ ತುಂಬಿಸುತ್ತಿದ್ದೆವು. ಅವನು ಮಿತಿ ಮೀರಿ ತುಂಬಿರಬೇಕು. ಪೊಲೀಸರಿಗೂ ಅದನ್ನೇ ಹೇಳಿದ್ದೇನೆ.

ಅವನನ್ನು ಹೊಡೆದದ್ದು ನನಗೆ ಪೂರ್ತಿ ನೆನಪಿದೆ. ಮೊದಲ ಏಟಿಗೆ ಬಲಗೈ ಮಣಿಕಟ್ಟಿನಲ್ಲಿ ಒಡೆಯಿತು, ಒಣ ಕಬ್ಬು ಮುರಿದ ಸದ್ದು. ಎಡಗೈಯಿಂದ ತಡೆದ, ಅದನ್ನೂ ಮುರಿದೆ. ಬಿದ್ದ ಮೇಲೂ ಬಿಡಲಿಲ್ಲ. ಅವನು ಏನೋ ಹೇಳುತ್ತಿದ್ದ, ಬಾಯಿಗೇ ಹೊಡೆದೆ. ನೆಲದ ಮೇಲೆ ಹಲ್ಲು ಬಿದ್ದಿದ್ದವು. ನಾಲ್ಕು ಜನ ಹಿಡಿದು ಎಳೆದರು.

ಅವ್ವನಿಗೆ ನನ್ನ ನಮಸ್ಕಾರ ಹೇಳು. ಮಗ ಎಂದು ಕರೆಯುವಷ್ಟು ದೊಡ್ಡ ಕೆಲಸ ನಾನೇನೂ ಮಾಡಿಲ್ಲ.

ನಿನ್ನ ಅಣ್ಣ
ದೇವಾನಂದ

*

ಬಬಲೇಶ್ವರ
೧೧ ಮಾರ್ಚ್ ೨೦೨೫

ದೇವಣ್ಣಾ,

ನಿನ್ನ ಪತ್ರವನ್ನು ಅಂಗಳದಲ್ಲಿ ಕೂತು ಗಟ್ಟಿಯಾಗಿ ಓದಿದೆ. ಅಪ್ಪನಿಗೆ ಓದು ಬಾರದು, ನಿನಗೆ ಗೊತ್ತೇ ಇದೆ. ಕೈ ಮುರಿದ ಭಾಗವನ್ನು ಅವನು ಎರಡು ಸಲ ಓದಿಸಿದ. ಆಮೇಲೆ ಎದ್ದು, ಕುರಿಗೆ ಜಾಲಿಯ ಟೊಂಗೆ ಕಡಿಯುವ ಕೊಡಲಿ ತಂದು ಮಸೆಗಲ್ಲಿನ ಮುಂದೆ ಕೂತ.

ಮರುದಿನ ಅಪ್ಪ ಮತ್ತು ನಮ್ಮ ದೊಡ್ಡಪ್ಪನ ಮಕ್ಕಳಿಬ್ಬರು ಬಾಬುವಿನ ಅಂಗಡಿಗೆ ಹೋಗಿ ಕೈಗೆ ಸಿಕ್ಕಿದ್ದನ್ನೆಲ್ಲ ಪುಡಿ ಮಾಡಿ ಬಂದರು. ಅಡ್ಡ ಬಂದ ಬಾಬುವಿನ ಹೆಂಡತಿಯ ತಮ್ಮನ ತಲೆಗೆ ಏಳು ಹೊಲಿಗೆ. ಯಾರೂ ಪೊಲೀಸರ ಹತ್ತಿರ ಹೋಗಲಿಲ್ಲ. ಪರವಾನಗಿ ಇಲ್ಲದೆ ಗ್ಯಾಸ್ ತುಂಬುವವನು ಯಾವ ಬಾಯಲ್ಲಿ ದೂರು ಕೊಡುತ್ತಾನೆ? ಬಾಬು ಆಸ್ಪತ್ರೆಯಿಂದ ಬಂದು ಈಗ ಟಿಕೋಟಾದಲ್ಲಿ ಹೆಂಡತಿ ಹೊಳೆವ್ವನ ತವರುಮನೆಯಲ್ಲಿ ಇದ್ದಾನಂತೆ.

ಅಪ್ಪ ಅವತ್ತು ಬಂದವನೇ ಹೇಳಿದ: "ದೇವಾನಂದ ಕೈ ಮುರದಾನ. ಕುತ್ತಿಗಿ ನನ್ನ ಪಾಲಿಂದು." ಅವ್ವ ಬೇಡ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಇನ್ನೊಂದು ಮಾತು. ಪೊಲೀಸರು ಲಿಂಗಣ್ಣನ ಚೀಲ ವಾಪಸ್ ಕೊಟ್ಟರು. ಕಂಬಳಿ, ಚಾಕು, ಜೋಳದ ಹಿಟ್ಟು ಎಲ್ಲ ಇದೆ. ಅವ್ವ ಕೊಟ್ಟಿದ್ದ ಕಬ್ಬಿಣದ ಹಂಚು ಇಲ್ಲ. ಅದು ಅವಳ ಅತ್ತೆಯ ಕಾಲದ್ದು, ಕುರಿ ಹಿಂದೆ ಹೋಗುವಾಗಲೆಲ್ಲ ಒಯ್ಯುತ್ತಿದ್ದದ್ದು. ಮಗ ಕೊನೆಯ ರೊಟ್ಟಿ ಬೇಯಿಸಿದ ಹಂಚು ಮನೆಯಲ್ಲಿರಲಿ ಎಂದು ದಿನಾ ಕೇಳುತ್ತಾಳೆ. ಎಲ್ಲಿ ಹೋಯಿತು, ನಿನಗೇನಾದರೂ ಗೊತ್ತೇ?

ತಂಗಿ
ಆರತಿ

*

ಜೈಲು, ವಿಜಯಪುರ
೨೪ ಮಾರ್ಚ್ ೨೦೨೫

ಪ್ರೀತಿಯ ಆರತಿಗೆ,

ಹಂಚಿನ ವಿಷಯ ನನಗೆ ಗೊತ್ತಿಲ್ಲ. ಆ ಗದ್ದಲದಲ್ಲಿ ಎಲ್ಲೋ ಬಿದ್ದಿರಬೇಕು. ಅವ್ವನಿಗೆ ಹೊಸದೊಂದು ತಂದುಕೊಡು.

ಅಪ್ಪನಿಗೆ ಸ್ವಲ್ಪ ತಾಳಿಕೊಳ್ಳಲು ಹೇಳು. ಕೋರ್ಟು ಇದೆ, ಕಾನೂನು ಇದೆ. ಬಾಬುವಿನದು ಎಷ್ಟು ತಪ್ಪೋ ಅಷ್ಟನ್ನು ಅವರು ನೋಡುತ್ತಾರೆ. ತಪ್ಪು ಯಾವಾಗಲೂ ಒಬ್ಬನದೇ ಇರುವುದಿಲ್ಲ. ಅವನು ತುಂಬುವಾಗ ತಕ್ಕಡಿಯಲ್ಲಿ ಇಡುತ್ತಿದ್ದ, ಖಾಲಿ ತೂಕ, ತುಂಬಿದ ತೂಕ ಎರಡನ್ನೂ ಡಬ್ಬಿಗೆ ಪಟ್ಟಿ ಅಂಟಿಸಿ ಬರೆಯುತ್ತಿದ್ದ. ಇನ್ನಷ್ಟು ಹಾಕು, ಖಾಲಿ ತಗಡು ಹೊತ್ತು ನಡೆಯಬೇಕೇ ಎಂದು ನಾನೇ ಅವನ ಜೊತೆ ಜಗಳ ಮಾಡುತ್ತಿದ್ದೆ. "ಗ್ಯಾಸಿಗೂ ಕಾಲ ಚಾಚಾಕ ಜಾಗಾ ಬೇಕ್ರಿ ಮಾಸ್ತರ," ಎನ್ನುತ್ತಿದ್ದ. ಸುಮ್ಮನೆ ನೆನಪಾಯಿತು, ಬರೆದೆ.

ಇಲ್ಲಿ ಊಟ ಪರವಾಗಿಲ್ಲ. ನನ್ನ ಅವ್ವ ಪರಸವ್ವ ತಿಂಗಳಿಗೆ ಎರಡು ಸಲ ಬರುತ್ತಾಳೆ. ಕೊಡಲಿಯನ್ನು ಒಳಗೆ ಇಡಿಸು.

ದೇವಾನಂದ

*

ಬಬಲೇಶ್ವರ
೧೦ ಏಪ್ರಿಲ್ ೨೦೨೫

ದೇವಣ್ಣಾ,

ಈ ಪತ್ರವನ್ನು ಅಂಚೆಗೆ ಹಾಕದೆ ಪರಸವ್ವತ್ತೆಯ ಕೈಯಲ್ಲಿ ಕೊಡುತ್ತಿದ್ದೇನೆ. ಯಾಕೆಂದು ಓದಿದರೆ ತಿಳಿಯುತ್ತದೆ. ಗುಮಾಸ್ತರ ಕೈಗೆ ಹೋಗದಂತೆ ಮುಟ್ಟಿಸುತ್ತೇನೆ ಎಂದಿದ್ದಾಳೆ.

ಕಾನೂನು ಇದೆಯಂತೆ! ಪಾನಾ ಎತ್ತಿದ ದಿನ ಆ ಕಾನೂನು ಎಲ್ಲಿ ಮಲಗಿತ್ತು? ನೀನು ಮಾಡಿದರೆ ಸೈ, ಹೆತ್ತ ಅಪ್ಪ ಮಾಡಿದರೆ ತಪ್ಪೇ? ಪತ್ರ ಓದಿಸಿಕೊಂಡು ಅಪ್ಪ ನಕ್ಕ. "ಜೈಲ ಗಾಳಿ ಬಡದೈತಿ ಅವಗ," ಎಂದ.

ಆದರೂ ನಿನ್ನ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಹೋದ ವಾರ ಯಾರಿಗೂ ಹೇಳದೆ ಟಿಕೋಟಾಕ್ಕೆ ಹೋಗಿ ಬಾಬುವನ್ನು ಹುಡುಕಿದೆ. ಪಡಸಾಲೆಯಲ್ಲಿ ಕೂತಿದ್ದ. ಎರಡೂ ಕೈಗೆ ಪಟ್ಟಿ. ಹೊಳೆವ್ವ ಗಂಜಿ ಕುಡಿಸುತ್ತಿದ್ದಳು, ಅರ್ಧ ಗದ್ದದ ಮೇಲೆ ಇಳಿಯುತ್ತಿತ್ತು. ಯಲ್ಲಾಲಿಂಗನ ತಂಗಿ ಎಂದೆ. ಎದ್ದು ನಿಲ್ಲಲು ಹೋದ. "ಯವ್ವಾ, ನಾ ತೂಗಿ ಕೊಟ್ಟೇನಿ. ಕಡಿಮಿನ ತುಂಬೇನಿ. ನನ್ನ ಮಕ್ಕಳ ಆಣಿ," ಎಂದ. ಆ ಮುರಿದ ದವಡೆಯಿಂದ ಮಾತು ನೆಟ್ಟಗೆ ಬರುತ್ತಿರಲಿಲ್ಲ. ನನಗೆ ಎಲ್ಲಿತ್ತೋ ಸಿಟ್ಟು, ಸತ್ತವನ ತಂಗಿಯ ಮುಂದೆ ಆಣೆ ಮಾಡುತ್ತೀಯಾ ಎಂದು ಕಪಾಳಕ್ಕೆ ಹೊಡೆದೆ. ಎರಡು ಸಲ. ಮುಖಕ್ಕೆ ಅಡ್ಡ ಹಿಡಿಯಲು ಅವನಿಗೆ ಕೈ ಏಳಲಿಲ್ಲ. ಹೊಳೆವ್ವ ಗಂಜಿಯ ಬಟ್ಟಲು ಹಿಡಿದುಕೊಂಡು ನೋಡುತ್ತಿದ್ದಳು. ಬಸ್ಸಿನಲ್ಲಿ ಬರುವಾಗ ಅಂಗೈ ಉರಿಯುತ್ತಿತ್ತು.

ಬಾಬು ಇಪ್ಪತ್ತೊಂದರ ಸೋಮವಾರ ಅಂಗಡಿಯ ಬಾಗಿಲು ತೆಗೆಯುತ್ತಾನೆಂದು ಅಲ್ಲಿ ಹೇಳಿಕೊಳ್ಳುತ್ತಿದ್ದರು. ಅಪ್ಪನಿಗೂ ಅದು ಮುಟ್ಟಿದೆ. ಅವನು ಅದೇ ದಿನ ಹೋಗುತ್ತಾನೆ. ನಮ್ಮ ಅಪ್ಪ ಗೊಲ್ಲಾಳಪ್ಪ ಆಡಿದ ಮಾತು ತಪ್ಪಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ನಿನಗೆ ಬೇರೆ ಏನಾದರೂ ಗೊತ್ತಿದ್ದರೆ ಈಗ ಹೇಳು. ಇಲ್ಲದಿದ್ದರೆ ಕಾನೂನಿನ ಪಾಠ ಬೇಡ.

ಆರತಿ

*

ಜೈಲು, ವಿಜಯಪುರ
೧೭ ಏಪ್ರಿಲ್ ೨೦೨೫

ಆರತಿ,

ಹನ್ನೆರಡನೇ ತಾರೀಖು ನನ್ನ ಅವ್ವ ನಿನ್ನ ಪತ್ರ ಕೊಟ್ಟಳು. ಐದು ದಿನ ಈ ಕಾಗದದ ಮುಂದೆ ಕೂತೆ. ಇದನ್ನು ಗುಮಾಸ್ತರು ಓದುತ್ತಾರೆ, ಸಾಹೇಬರಿಗೆ ತೋರಿಸುತ್ತಾರೆ. ಓದಲಿ.

ಬಾಬುವಿನ ತಪ್ಪಿಲ್ಲ. ಅವನು ಡಬ್ಬಿಗೆ ನೂರಾ ಎಂಬತ್ತು ಗ್ರಾಂ ತುಂಬಿದ್ದ. ಇನ್ನೂ ಐವತ್ತು ಗ್ರಾಂ ಹಿಡಿಯುತ್ತಿತ್ತು. ಎರಡನೇ ಡಬ್ಬಿ ಪೊಲೀಸರ ಹತ್ತಿರ ಒಡೆಯದೆ ಇದೆ, ತೂಗಿದರೆ ತಿಳಿಯುತ್ತದೆ. ಲಿಂಗನನ್ನು ಕೊಂದದ್ದು ನನ್ನ ನಾಲಿಗೆಯ ಚಪಲ.

ಎರಡನೇ ದಿನ ಸಂಜೆ, ಟಿಕೋಟಾ ದಾಟಿ ಕನಮಡಿಯ ಕಡೆಗೆ ಒಂದು ಮಡ್ಡಿಯ ಬೋಳು ದಿಬ್ಬದ ಮೇಲೆ ಇಳಿದಿದ್ದೆವು. ಗಾಳಿ ಜೋರಿತ್ತು. ಚೀಲದಲ್ಲಿ ಒಣಗಿಸಿದ ಕಟಕ ರೊಟ್ಟಿ ಇದ್ದವು. ಎರಡು ದಿನದಿಂದ ಅದನ್ನೇ ಕಡಿದು ನನಗೆ ಬೇಸರ ಬಂದಿತ್ತು, ಬಿಸಿ ರೊಟ್ಟಿ ಬೇಕೆಂದು ಹಟ ಹಿಡಿದೆ. ಹಂಚು ಇದ್ದದ್ದು ಯಾರದಾದರೂ ತೋಟದ ಮನೆಯ ಕಟ್ಟಿಗೆ ಒಲೆಗೆ ಎಂದು. ನಾನು ಅದನ್ನು ಡಬ್ಬಿ ಒಲೆಯ ಮೇಲೆ ಇಡಿಸಿದೆ. ಲಿಂಗ ಹೇಳಿದ: "ಲೇ ಮಾಸ್ತರ, ಹಂಚ ಅಗಲ ಆತು. ಕಾವು ಕೆಳಗ ಬಡದು ಡಬ್ಬಿ ಕಾಯ್ತೈತಿ." ನಾನು, "ನಾಕ ರೊಟ್ಟಿಗೆ ಏನೂ ಆಗಾಂಗಿಲ್ಲ, ಬಡಿ ನೀ," ಎಂದೆ. ಉರಿ ಆರಬಾರದೆಂದು ಸುತ್ತಲೂ ಕಲ್ಲು ಇಟ್ಟವನೂ ನಾನೇ, ನಮ್ಮ ಮನೆಗಳಲ್ಲಿ ಮೂರು ಕಲ್ಲಿನ ಒಲೆ ಹೂಡುವ ಹಾಗೆ. ಡಬ್ಬಿಗೆ ಗಾಳಿ ಆಡಬೇಕು, ಮುಟ್ಟಿದರೆ ತಣ್ಣಗಿರಬೇಕು, ಪಾತ್ರೆ ಅಂಗೈಗಿಂತ ಬಹಳ ಅಗಲ ಇರಬಾರದು. ಇದನ್ನು ಭಾನುವಾರ ಭಾನುವಾರ ಜನರಿಗೆ ಕಲಿಸುತ್ತಿದ್ದವನು ನಾನು.

ಮೂರನೇ ರೊಟ್ಟಿಗೆ ಅವನು ಡಬ್ಬಿ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡ. ಇನ್ನೊಂದೇ ಎಂದು ಹೇಳಿ ನಾನು ನೀರಿಗೆ ಹೋದೆ. ಡಬ್ಬಿ ಒಡೆದ ಸದ್ದು ಕೇಳಿ ತಿರುಗಿದಾಗ ಕಲ್ಲು ಸಿಡಿದು ಹಾರುತ್ತಿದ್ದವು. ಹಂಚು ಅವನ ಎದೆಗೆ ಬಡಿದಿತ್ತು, ಮುಖಕ್ಕೆ, ಕೂದಲಿಗೆ ಉರಿ ಹತ್ತಿತ್ತು. ಕಂಬಳಿ ಒತ್ತಿ ಆರಿಸಿದೆ. ಎತ್ತಿದಾಗ ಕಂಬಳಿಗೆ ಚರ್ಮ ಅಂಟಿಕೊಂಡು ಬಂತು.

ಆಂಬುಲೆನ್ಸಿಗೆ ಫೋನ್ ಮಾಡಿದ ಮೇಲೆ ಅವನನ್ನು ಬಿಟ್ಟು ಹೋಗಿ ಹಂಚನ್ನು ಹಾಳು ಬಾವಿಗೆ ಎಸೆದೆ. ಅವನು ನೀರು ನೀರು ಎಂದು ನರಳುತ್ತಿದ್ದ. ನಾನು ಹಂಚು ಎಸೆಯಲು ಹೋಗಿದ್ದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಮಣ್ಣು ಮಾಡಿದ ದಿನ ಎಲ್ಲರೂ ಡಬ್ಬಿ ತುಂಬಿದವನ ಹೆಸರು ಕೇಳುತ್ತಿದ್ದರು, ನಾನು ಹೇಳಿಬಿಟ್ಟೆ. ಹೇಳಿದ ಮೇಲೆ ಅದೇ ನಿಜ ಆಗಬೇಕಿತ್ತು, ಅದಕ್ಕೆ ಹೋಗಿ ಹೊಡೆದೆ. ಅವನು "ಮಾಸ್ತರ, ಪಟ್ಟಿ ಮ್ಯಾಲ ತೂಕ ಬರದೇನಿ ನೋಡ್ರಿ," ಎನ್ನುತ್ತಿದ್ದ. ಆ ಮಾತು ಹೊರಗೆ ಬರಬಾರದೆಂದೇ ಬಾಯಿಗೆ ಹೊಡೆದದ್ದು.

ನಿಮ್ಮವ್ವ ಮಗ ಎಂದದ್ದೇ ನನ್ನ ಬಾಯಿ ಕಟ್ಟಿತು. ನನ್ನ ಜನ್ಮದಲ್ಲಿ ಅಂಥ ಅಂಗಳದಲ್ಲಿ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಅಪ್ಪನನ್ನು ತಡೆ. ಕೊಡಲಿ ಎತ್ತುವುದೇ ಆದರೆ ನನ್ನ ಮೇಲೆ ಎತ್ತಲಿ. ಹಂಚಿನ ಮಾತು ಮಾತ್ರ ನಿಮ್ಮವ್ವನಿಗೆ ಹೇಳಬೇಡ, ತಾನು ಕೊಟ್ಟದ್ದೇ ಎಂದು ಎದೆ ಒಡೆದುಕೊಳ್ಳುತ್ತಾಳೆ.

ದೇವಾನಂದ

*

ಬಬಲೇಶ್ವರ
೨೭ ಏಪ್ರಿಲ್ ೨೦೨೫

ದೇವಾನಂದನಿಗೆ,

ಹದಿನೇಳಕ್ಕೆ ಬರೆದ ನಿನ್ನ ಪತ್ರ ಶುಕ್ರವಾರದ ರಜೆ, ಭಾನುವಾರದ ರಜೆ, ಗುಮಾಸ್ತರ ಮೇಜು ಎಲ್ಲ ದಾಟಿ ಇಪ್ಪತ್ನಾಲ್ಕರ ಗುರುವಾರ ಮುಟ್ಟಿತು. ಅಪ್ಪ ಸೋಮವಾರವೇ ಹೋಗಿದ್ದ.

ಬಾಬುವಿಗೆ ಶಟರ್ ಎತ್ತಲು ಕೈ ಬರುತ್ತಿರಲಿಲ್ಲ. ಹೊಳೆವ್ವ ಎತ್ತುತ್ತಿದ್ದಳು, ಅವನು ಪಕ್ಕದಲ್ಲಿ ನಿಂತಿದ್ದ. ಅಪ್ಪ ಹಿಂದಿನಿಂದ ಹೋಗಿ ಕುತ್ತಿಗೆಗೆ ಹಾಕಿದ. ಒಂದಕ್ಕೆ ಬಿದ್ದ. ಇನ್ನೆರಡು ಹಾಕಿದ. ರಕ್ತ ಶಟರಿನ ಮೇಲೆ, ಹೊಳೆವ್ವನ ಸೀರೆಯ ಮೇಲೆ. ಸೊಲ್ಲಾಪುರ ರಸ್ತೆಯಲ್ಲಿ ಬೆಳಗಿನ ಹತ್ತು ಗಂಟೆಗೆ, ನೂರು ಜನರ ಮುಂದೆ. ಆಮೇಲೆ ಅಪ್ಪ ಕೊಡಲಿಯನ್ನು ನೆಲಕ್ಕಿಟ್ಟು ಅಲ್ಲೇ ಕೂತಿದ್ದನಂತೆ, ಪೊಲೀಸರು ಬರುವವರೆಗೆ.

ಹನ್ನೆರಡರಿಂದ ಇಪ್ಪತ್ತೊಂದರವರೆಗೆ ಒಂಬತ್ತು ದಿನ. ಜೈಲಿನಲ್ಲಿ ಫೋನ್ ಇದೆ, ಸಾಹೇಬರಿದ್ದಾರೆ. ಎದ್ದು ಹೋಗಿ ಹೀಗಾಗುತ್ತದೆ, ತಡೆಯಿರಿ ಎಂದು ಒಂದು ಮಾತು ಹೇಳಿದ್ದರೆ ಬಾಬು ಬದುಕುತ್ತಿದ್ದ. ನೀನು ಪತ್ರ ಬರೆಯುತ್ತಾ ಕೂತೆ. ನಾನೇನು ಸಾಚಾ ಅಲ್ಲ. ಠಾಣೆಗೆ ಹೋಗುವ ದಾರಿ ನನಗೂ ಗೊತ್ತಿತ್ತು. ಹೋಗಲಿಲ್ಲ, ಅವನು ಸಾಯಲಿ ಎಂದೇ ನನಗಿತ್ತು. ಮುರಿದ ಬಾಯಿಯಿಂದ ಅವನು ನಿಜ ಹೇಳಿದಾಗ ಹೊಡೆದವಳು ನಾನು. ನನ್ನ ಪಾಲು ನಾನು ಹೊರುತ್ತೇನೆ.

ನಿನ್ನ ಪತ್ರದ ಒಂದು ಪ್ರತಿ ತೆಗೆದು ಮೊನ್ನೆ ಟಿಕೋಟಾಕ್ಕೆ ಹೋಗಿ ಹೊಳೆವ್ವನಿಗೆ ಕೊಟ್ಟೆ. ಅವಳಿಗೂ ಓದು ಬಾರದು. ಪಡಸಾಲೆಯಲ್ಲಿ ನಿಂತು ಓದಿ ಹೇಳಿದೆ. "ಅಂವ ಇದನ ಹೇಳತಿದ್ದನಲ್ಲಬೇ, ಯಾರ ಕೇಳಿದ್ರಿ?" ಎಂದಳು. ಅವ್ವನಿಗೆ ಇನ್ನೂ ಹೇಳಿಲ್ಲ. ನಿನಗಾಗಿ ಅಲ್ಲ, ಅವಳಿಗಾಗಿ.

ಅಪ್ಪನನ್ನು ನೀನಿರುವ ಜೈಲಿಗೇ ತಂದಿದ್ದಾರೆ. ನಿನ್ನೆ ಭೇಟಿಗೆ ಹೋಗಿದ್ದೆ. ಮುಖದಲ್ಲಿ ಒಂದು ಚೂರೂ ಚಿಂತೆ ಇಲ್ಲ. ನೀನು ಇರುವ ಬ್ಯಾರಕ್ಕಿಗೇ ಹಾಕಿರೆಂದು ಸಾಹೇಬರನ್ನು ಕೇಳಿಕೊಂಡಿದ್ದಾನಂತೆ. "ಮಗನ ಕೂಡ ಇರ್ತೇನಿ, ನೀ ಅಳಬ್ಯಾಡ," ಎಂದ. ಅಲ್ಲಿ ಕಬ್ಬಿಣದ ಜಾಲರಿಯ ಈಚೆ ನಿಂತಿದ್ದು ನಿನ್ನ ಪತ್ರದ ಮಾತು ಎತ್ತದೆ ಬಂದೆ.

ಇವತ್ತೋ ನಾಳೆಯೋ ಅವನು ನಿನ್ನ ಪಕ್ಕ ಬಂದು ಕೂರುತ್ತಾನೆ. ಅಪ್ಪನಿಗೆ ಓದು ಬರುವುದಿಲ್ಲ. ನೀನು ಬಾಯಿಂದಲೇ ಹೇಳಬೇಕು.

ಯಲ್ಲಾಲಿಂಗನ ತಂಗಿ
ಆರತಿ